ಸಾಕುಗಾಜು ಒಲ್ಲೆನೆಂದ ಬೆರಳು

ಗದಗಿನ ಮಂದಿ ಅದನ್ನು ಸಾಕುಗಾಜು ಎಂದು ಕರೆಯುತ್ತಿದ್ದರು. ತಯಾರಿಸಿದವರು ಇಟ್ಟ ಹೆಸರು ಬೇರೆ ಇತ್ತು, ಉದ್ದವಾಗಿ ನಾಲಿಗೆಗೆ ತೊಡರುವಂಥದ್ದು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಎಮ್ಮೆಯೋ ನಾಯಿಯೋ ಇದ್ದರೆ ಹೇಗೆ ಹೊತ್ತು ಹೊತ್ತಿಗೆ ನೋಡಿಕೊಳ್ಳಬೇಕೋ ಹಾಗೆ ಈ ಗಾಜನ್ನೂ ನೋಡಿಕೊಳ್ಳಬೇಕಾಗಿತ್ತು. ಅದಕ್ಕೇ ಆ ಹೆಸರು.

ಅದು ಬರುವ ಮುಂಚೆ ಪರದೆಗಳ ಪಾಡು ಹೇಳತೀರದು. ಬಸ್ ನಿಲ್ದಾಣದಲ್ಲಿ ಟಿಕೆಟ್ ತೆಗೆಯಲು ಪರದೆ, ಪಡಿತರದ ಅಂಗಡಿಯಲ್ಲಿ ಪರದೆ, ಶಾಲೆಯಲ್ಲಿ ಕರಿಹಲಗೆಯ ಜಾಗದಲ್ಲಿ ಪರದೆ, ಅಡುಗೆಮನೆಯ ಗೋಡೆಯಲ್ಲೂ ಒಂದು ಪರದೆ. ಎಲ್ಲದರ ಮೇಲೂ ಬೆರಳಿನ ಜಿಡ್ಡು, ಜಿಡ್ಡಿಗೆ ಅಂಟಿದ ಎರೆಮಣ್ಣಿನ ಧೂಳು. ಜನ ಕೈಗೆ ಸಿಕ್ಕಿದ್ದರಲ್ಲಿ ಒರೆಸುತ್ತಿದ್ದರು: ಸೀರೆಯ ಸೆರಗು, ಹಳೆಯ ಪೇಪರು, ಸೋಪಿನ ನೀರು, ಸ್ಪಿರಿಟ್ಟು. ಒರೆಸಿದಷ್ಟೂ ಮೇಲಿನ ಲೇಪ ಸವೆದು, ಗೀರು ಬಿದ್ದು, ಕೊನೆಗೆ ಪರದೆ ಮುದುಕರ ಕಣ್ಣಿನಂತಾಗುತ್ತಿತ್ತು.

ಹೀಗಿರುವಾಗ ಯಾರೋ ಒಂದು ಪ್ರಶ್ನೆ ಕೇಳಿದರು. ಪರದೆಯನ್ನು ನಾವು ಒರೆಸುವ ಬದಲು, ಬೆಕ್ಕಿನ ಹಾಗೆ ಅದೇ ತನ್ನ ಮೈಯನ್ನು ನೆಕ್ಕಿಕೊಂಡರೆ ಹೇಗೆ? ಕಲ್ಲಿನ ಮೇಲೆ, ಎಲೆಯ ಮೇಲೆ, ಮನುಷ್ಯರ ಚರ್ಮದ ಮೇಲೆ ಇರುವ ಸೂಕ್ಷ್ಮಜೀವಿಗಳಲ್ಲಿ ಜಿಡ್ಡು ತಿಂದೇ ಬದುಕುವಂಥವು ಎಷ್ಟೋ ಇವೆ. ಅಂಥದೊಂದನ್ನು ಆರಿಸಿ, ವರ್ಷಗಟ್ಟಲೆ ಪಳಗಿಸಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಗಾಜಿನ ಮೇಲೆ ಬೆಳೆಸಿದರು. ಬೆರಳು ಬಿಟ್ಟುಹೋದ ಎಣ್ಣೆಯೇ ಅದರ ಊಟ, ಪರದೆಯ ಬೆಳಕೇ ಅದರ ಬಿಸಿಲು. ಮುಟ್ಟಿದ ಗುರುತು ಸ್ವಲ್ಪ ಹೊತ್ತಿನಲ್ಲೇ ಮಾಯವಾಗುತ್ತಿತ್ತು.

ಆದರೂ ಆರೈಕೆ ತಪ್ಪಲಿಲ್ಲ. ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಬೇಕು. ಸತ್ತ ಜೀವಿಗಳ ಹೊಟ್ಟು ಬಟ್ಟೆಗೆ ಬರುತ್ತದೆ. ಆಮೇಲೆ ಪರದೆಯನ್ನು ಆರಿಸಿ ಸ್ವಲ್ಪ ಹೊತ್ತು ಕತ್ತಲಲ್ಲಿ ಬಿಡಬೇಕು. ಸೋಪು, ಸ್ಪಿರಿಟ್ಟು ಸೋಕಿಸಕೂಡದು. ಬೆಟಗೇರಿಯ ನೇಕಾರರು ಇದಕ್ಕೆಂದೇ ಮೆತ್ತನೆಯ ಬಟ್ಟೆ ನೇಯತೊಡಗಿದ್ದರು. ಆಯುಧಪೂಜೆಯ ಮರುದಿನ ಮಾತ್ರ ಗದಗಿನ ಗಾಜಿನ ಪ್ರಯೋಗಾಲಯಕ್ಕೆ ಬಿಡುವೇ ಇರುತ್ತಿರಲಿಲ್ಲ. ಅರಿಸಿನ ಕುಂಕುಮ ಹಚ್ಚಿಸಿಕೊಂಡ ಪರದೆಗಳೆಲ್ಲ ಕಣ್ಣು ಮುಚ್ಚಿ ಕೂತಿರುತ್ತಿದ್ದವು.

ಆ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದವಳು ಡಾ. ನೀಲಗಂಗಾ ಹೊಂಬಳ. ಪೊರೆಯ ತಳಿಗಳನ್ನು ಬೆಳೆಸುವುದು, ಕೆಟ್ಟ ಗಾಜಿಗೆ ಹೊಸ ಪೊರೆ ಹೊದಿಸುವುದು ಅವಳ ಕೆಲಸ. ಅವಳ ಬಳಿಗೆ ಆಷಾಢಕ್ಕೆ ಸ್ವಲ್ಪ ಮೊದಲು ಕಪ್ಪತಗುಡ್ಡದ ಗಾಳಿಯಂತ್ರಗಳ ನಿಯಂತ್ರಣ ಕೊಠಡಿಯಿಂದ ಒಂದು ದೂರು ಬಂತು. ಅಲ್ಲಿನ ಗೋಡೆಯಗಲದ ಗಾಜಿನ ಮೇಲೆ ಬಿಳಿಯ ಕಲೆಗಳು ಮೂಡುತ್ತಿವೆ, ಒರೆಸಿದರೆ ಹೋಗುತ್ತಿಲ್ಲ ಎಂಬುದು ದೂರು.

*

ಆ ಕಲೆಗಳು ರಿಹಾನಾ ನದಾಫಳ ಬೆರಳಿನವು.

ರಿಹಾನಾ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ನಿರ್ವಾಹಕಿ. ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳಲ್ಲಿ ಒಂದು ಪಾಲು ಅವಳ ಕೈಯಲ್ಲಿತ್ತು. ಯಾವ ಯಂತ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಅದುರುತ್ತಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೆಲ್ಲ ಅವಳೆದುರಿನ ಗಾಜಿನ ಮೇಲೆ ಅಂಕಿಗಳಾಗಿ ಓಡುತ್ತಿತ್ತು. ಗಾಳಿ ಮಿತಿಮೀರಿದರೆ ಗಾಜನ್ನು ಒತ್ತಿ ಯಂತ್ರಕ್ಕೆ ತಡೆ ಹಾಕಬೇಕು. ಆ ಕೆಲಸ ಅವಳಿಗೆ ಇಷ್ಟ. ಪಾಳಿ ಮುಗಿದ ಮೇಲೂ ಕಿಟಕಿಯ ಬಳಿ ನಿಂತು, ತಾನು ಈವರೆಗೆ ಅಂಕಿಯಾಗಿ ನೋಡಿದ್ದನ್ನು ರೆಕ್ಕೆಯಾಗಿ ನೋಡಿ ಹೋಗುತ್ತಿದ್ದಳು.

ಕಲೆಗಳು ಮೊದಲು ಕಂಡಾಗ ಪಾಳಿಯ ಮೇಲ್ವಿಚಾರಕ ಕೊಟ್ರೇಶ ಬಳಿಗೇರ ಅದನ್ನು ದೊಡ್ಡದು ಮಾಡಲಿಲ್ಲ.

"ಕೈಗೆ ಏನರ ಕ್ರೀಮ್ ಹಚ್ಚತೀರೇನು ಮೇಡಂ?"

"ಇಲ್ರಿ ಸರ್. ಮೆಹಂದಿ ಸೈತ ಹಚ್ಚಿಲ್ಲ."

"ಹಂಗಾರ ಒಂದ್ಸಲ ಛಲೋತ್ನಂಗ ತೊಳ್ಕೊಂಡು ಬರ್ರಿ."

ತೊಳೆದುಕೊಂಡಳು. ಊಟಕ್ಕೆ ಮೊದಲು, ಊಟದ ಮೇಲೆ, ಪಾಳಿಗೆ ಕೂರುವ ಮುಂಚೆ ತೊಳೆದಳು. ಕಲೆ ಮೂಡುವುದು ನಿಲ್ಲಲಿಲ್ಲ. ಉಳಿದವರು ಮುಟ್ಟಿದ ಜಾಗ ತಿಳಿಯಾಗುತ್ತಿತ್ತು, ಅವಳು ಮುಟ್ಟಿದ ಜಾಗ ಮಾತ್ರ ಹಾಲಿನ ಕೆನೆ ಕಟ್ಟಿದಂತಾಗುತ್ತಿತ್ತು. ಬೇರೆ ಕುರ್ಚಿಗೆ ಹೋಗಿ ಕೂತರೆ ಅಲ್ಲಿಯೂ ಅದೇ. ಕೈಗವಸು ಹಾಕಿಕೊಳ್ಳೋಣವೆಂದರೆ ಈ ಗಾಜು ಬರಿಯ ಚರ್ಮಕ್ಕೆ ಮಾತ್ರ ಓಗೊಡುತ್ತಿತ್ತು.

ಒಂದು ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ಎದ್ದಿತು. ಗುಡ್ಡದ ತುದಿಯ ಯಂತ್ರವೊಂದರ ಅದುರುವಿಕೆ ಏರಿ ಎಂಟಕ್ಕೆ ಬಂದು ನಿಂತಿತ್ತು. ಆದರೆ ಆ ಅಂಕಿಯ ಎಡಭಾಗಕ್ಕೆ ಸರಿಯಾಗಿ ಬೆರಳಿನ ಕಲೆ ಕೂತಿತ್ತು. ಎಂಟು ಅವಳಿಗೆ ಮೂರಾಗಿ ಕಂಡಿತು. ಮೂರು ಎಂದರೆ ಭಯವಿಲ್ಲ. ಅವಳು ಮುಂದಿನ ಯಂತ್ರದ ಕಡೆ ನೋಡಿದಳು. ತಪ್ಪು ಗೊತ್ತಾಗಿ ತಡೆ ಹಾಕುವಷ್ಟರಲ್ಲಿ ಒಂದು ರೆಕ್ಕೆ ಸೀಳಿತ್ತು. ಅದೃಷ್ಟಕ್ಕೆ ಗುಡ್ಡದ ಮೇಲೆ ಆ ಹೊತ್ತು ಯಾರೂ ಇರಲಿಲ್ಲ, ಕುರಿಗಳೂ ಇರಲಿಲ್ಲ.

ಕೊಟ್ರೇಶ ಅವಳನ್ನು ಬಯ್ಯಲಿಲ್ಲ. ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. ಅವನ ಮುಖ ಬಾಡಿತ್ತು.

"ನಿಮ್ಮ ತಪ್ಪಂತ ನಾ ಅನ್ನಂಗಿಲ್ಲ. ಆದ್ರ ಗಾಜಿನ ಮುಂದ ನಿಮ್ಮನ್ನ ಕುಂದ್ರಸಾಕ ನನಗ ಧೈರ್ಯ ಇಲ್ಲ. ಸ್ವಲ್ಪ ದಿವಸ ಉಗ್ರಾಣದ ಕಡೆ ನೋಡ್ಕೊಳ್ರಿ. ಗಾಜಿನ ಡಾಕ್ಟರಮ್ಮ ಬರ್ತಾರ."

ರಿಹಾನಾ ತಲೆಯಾಡಿಸಿದಳು. ಎದ್ದು ಹೋಗುವಾಗ ಬಾಗಿಲ ಹಿಡಿಯನ್ನು ಹಿಡಿಯಲು ಅವಳ ಕೈ ಎರಡು ಸಲ ತಪ್ಪಿತು. ನೊಂದಿದ್ದಾಳೆ, ಅದಕ್ಕೇ ಎಂದು ಕೊಟ್ರೇಶ ಅಂದುಕೊಂಡ.

*

ಮನೆಯಲ್ಲಿ ಈ ಕಲೆಗಳು ಹೊಸದೇನೂ ಆಗಿರಲಿಲ್ಲ ಎಂಬುದು ಅವಳಿಗೆ ಅಂದು ಗೊತ್ತಾಯಿತು. ರಿಹಾನಾ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಾಗ ಅತ್ತೆ ಇಮಾಂಬಿ ಅಡುಗೆಮನೆಯ ಗಾಜಿನ ಕಡೆ ಕೈ ತೋರಿಸಿದಳು.

"ಇದರ ಮ್ಯಾಲೂ ಬೀಳತಾವು. ನಾನ ದಿನಾ ಮುಂಜಾನೆ ಉಗುರಿಲೆ ಕೆರದು ತಗೀತೇನಿ. ಒಂದಿಷ್ಟು ಹೊತ್ತಾದ ಮ್ಯಾಲೆ ಬಾಜೂದ ಪೊರಿ ಬೆಳದು ಅದನ್ನ ಮುಚ್ಚತೈತಿ."

"ನನಗ್ಯಾಕ ಹೇಳಲಿಲ್ಲ ಅತ್ತಿ?"

"ಏನಂತ ಹೇಳ್ಲಿ? ನಿನ್ನ ಕೈ ಗಾಜಿಗೆ ಸೇರವಲ್ದು ಅಂತ ಹೇಳ್ಲೇನು?"

ಗಂಡ ಮೌಲಾ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವನು ಇಬ್ಬರ ಮುಖವನ್ನೂ ನೋಡಿ, "ಗಾಜು ಬೆಪ್ಪು ಆಗಿರಬೇಕು. ಇಷ್ಟು ಛಲೋ ಕೈ ನಾ ಎಲ್ಲೂ ನೋಡಿಲ್ಲ" ಎಂದ. ರಿಹಾನಾ ನಕ್ಕಳು. ಆದರೆ ಚಹಾದ ಕಪ್ಪು ಎತ್ತುವಾಗ ತುಳುಕಿ ಸೀರೆಯ ಮೇಲೆ ಬಿತ್ತು. ಈಚೆಗೆ ಹಾಗೆ ಆಗುತ್ತಲೇ ಇತ್ತು. ಸಹಿ ಮಾಡಿದರೆ ಅಕ್ಷರ ಸೊಟ್ಟಗಾಗುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ.

ಊರಿನಲ್ಲಿ ಎಲ್ಲ ಕಡೆಯೂ ಇದೇ ಗಾಜು ಇದ್ದುದರಿಂದ ಅವಳು ಹೋದಲ್ಲೆಲ್ಲ ಗುರುತು ಉಳಿಯುತ್ತಿತ್ತು. ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬಸ್ ನಿಲ್ದಾಣದಲ್ಲಿ. ಯಾರು ಮುಟ್ಟಿದರೆ ಕಲೆ ಆಗುತ್ತದೆ ಎಂಬುದು ಓಣಿಗೆ ತಿಳಿಯಲು ತಡವಾಗಲಿಲ್ಲ. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದೇ ಕಷ್ಟವಾಗಿತ್ತು. ಟಿಕೆಟಿನ ಸಾಲಿನಲ್ಲಿ ಹಿಂದೆ ನಿಂತ ಹೆಂಗಸು ಅವಳ ತೋಳು ಹಿಡಿದು, "ನೀ ಸುಮ್ಮನಿರವ್ವಾ, ನಾ ಒತ್ತತೇನಿ. ಎಲ್ಲಿಗೆ ಹೋಗಬೇಕು ಹೇಳು" ಎಂದಳು. ಪಕ್ಕದ ಮನೆಯವರು ಮಗುವನ್ನು ಅವಳ ತೊಡೆಯಿಂದ ಮೆಲ್ಲಗೆ ಎತ್ತಿಕೊಂಡು, ಹಸಿವಾಗಿದೆ ಎಂದು ಒಳಗೆ ಹೋದರು. ಮಗು ಆಗತಾನೇ ಉಂಡಿತ್ತು.

ಮೆಲ್ಲಮೆಲ್ಲಗೆ ರಿಹಾನಾ ಸೆರಗಿನೊಳಗೆ ಕೈ ಇಟ್ಟುಕೊಂಡು ನಡೆಯತೊಡಗಿದಳು.

*

ನೀಲಗಂಗಾ ನಿಯಂತ್ರಣ ಕೊಠಡಿಗೆ ಬಂದು ಗಾಜನ್ನು ನೋಡಿದಳು. ಕಲೆಯ ಕೆಳಗೆ ಪೊರೆ ಸತ್ತಿತ್ತು. ಕೊಳೆ ಹೆಚ್ಚಾಗಿ ಅಲ್ಲ, ಊಟ ಕಡಿಮೆಯಾಗಿ ಅಲ್ಲ, ಏನೋ ತಾಗಿ ಸತ್ತಿತ್ತು. ಉಗ್ರಾಣದಿಂದ ರಿಹಾನಾಳನ್ನು ಕರೆಸಿ ಹತ್ತಾರು ಚಿಕ್ಕ ಗಾಜಿನ ತುಂಡುಗಳ ಮೇಲೆ ಅವಳ ಬೆರಳು ಒತ್ತಿಸಿಕೊಂಡಳು.

"ಗಾಜು ದುರಸ್ತಿ ಆಗತೈತೇನ್ರಿ ಮೇಡಂ?"

"ಆಗತೈತಿ. ನನ್ನ ಮ್ಯಾಲೆ ಬಿಡ್ರಿ."

ನೀಲಗಂಗಾ ತನ್ನ ಮಾತು ಉಳಿಸಿಕೊಂಡಳು. ಪ್ರಯೋಗಾಲಯದಲ್ಲಿ ಆ ತುಂಡುಗಳನ್ನು ಬೆಳಕಿನ ಪೆಟ್ಟಿಗೆಯಲ್ಲಿಟ್ಟಳು. ಪ್ರತಿ ಕಲೆಯ ನಡುವೆ ಒಂದೆರಡು ಜೀವಿಗಳಾದರೂ ಬದುಕಿ ಉಳಿದಿರುತ್ತಿದ್ದವು. ಅವನ್ನು ಹೆಕ್ಕಿ ಬೆಳೆಸಿ, ಮತ್ತೆ ರಿಹಾನಾಳ ಬೆರಳಿಗೆ ಒಡ್ಡಿ, ಅದರಲ್ಲೂ ಉಳಿದವನ್ನು ಹೆಕ್ಕಿದಳು. ಬಿತ್ತನೆಗೆ ಗಟ್ಟಿ ಕಾಳು ಆರಿಸಿದ ಹಾಗೆ. ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಹೊಸ ತಳಿಯೊಂದು ಸಿದ್ಧವಾಯಿತು. ರಿಹಾನಾ ಎಷ್ಟು ಮುಟ್ಟಿದರೂ ಅದಕ್ಕೆ ಏನೂ ಆಗಲಿಲ್ಲ, ಗುರುತು ನೆಕ್ಕಿ ತಿಳಿಯಾಯಿತು.

ಗಾಜಿನ ಕಂಪನಿಯವರಿಗೆ ಬಹಳ ಹಿಡಿಸಿತು. ಹಳೆಯ ಪೊರೆಯನ್ನು ಎಲ್ಲ ಕಡೆಯಿಂದ ಕಿತ್ತು ಇದನ್ನೇ ಹೊದಿಸೋಣ, ಇನ್ನು ಕಲೆಯ ದೂರೇ ಇರುವುದಿಲ್ಲ ಎಂದರು. ಕೊಟ್ರೇಶ ಫೋನು ಮಾಡಿ, ಮುಂದಿನ ವಾರ ನಮ್ಮ ಗೋಡೆಗೂ ಹೊದಿಸಿಬಿಡಿ, ಆ ಹುಡುಗಿಯನ್ನು ವಾಪಸು ಕೂರಿಸುತ್ತೇನೆ ಎಂದ. ಎಲ್ಲರಿಗೂ ಒಳ್ಳೆಯದಾಗುವ ಹಾಗೆಯೇ ಇತ್ತು.

ಆ ಭಾನುವಾರ ನೀಲಗಂಗಾ ಮನೆಯಲ್ಲಿ ಗಾಜು ಒರೆಸುತ್ತಿದ್ದಳು. ಅವಳ ತಂದೆ ಶಿವಾನಂದಪ್ಪ ನಿವೃತ್ತ ಪಶುವೈದ್ಯರು. ಬಟ್ಟೆ ಹಿಂಡಿ ಹಿಂಡಿ ಕೊಡುವುದು ಅವರ ಪಾಲಿನ ಕೆಲಸ. ಮಗಳು ಹೊಸ ತಳಿಯ ಸುದ್ದಿ ಹೇಳುತ್ತಿದ್ದರೆ ಅವರು ಕೇಳುತ್ತಿದ್ದರು.

"ಅಂದ್ರ ಈಗ ಆಕಿ ಮುಟ್ಟಿದ್ರ ಅದು ಸಾಯಂಗಿಲ್ಲ."

"ಇಲ್ಲ."

"ಮೊದಲಿಂದು ಯಾಕ ಸಾಯತಿತ್ತು?"

ನೀಲಗಂಗಾಳ ಕೈ ನಿಂತಿತು.

"ಆಕಿ ಬೆವರಿನ್ಯಾಗ ಏನೋ ಇರಬೇಕು ಅಪ್ಪ. ಒಬ್ಬೊಬ್ಬರ ಮೈ ಒಂದೊಂದು ನಮೂನಿ."

"ಮನ್ಯಾಗ ನಾಯಿ ಬೊಗಳಿದ್ರ ಮೊದಲ ಯಾರು ಬಂದಾರ ಅಂತ ನೋಡತೇವಿ. ನಾಯಿ ಬಾಯಿಗೆ ಔಷಧ ಹಾಕಂಗಿಲ್ಲ" ಎಂದರು ಅವರು, ಬಟ್ಟೆಯ ನೀರು ಹಿಂಡುತ್ತ. "ನೀ ನಾಯಿನ್ನ ಬದಲಾಯಿಸೀದಿ."

ನೀಲಗಂಗಾ ಒರೆಸುವುದನ್ನು ಅರ್ಧಕ್ಕೆ ಬಿಟ್ಟು ಚಪ್ಪಲಿ ಮೆಟ್ಟಿದಳು.

ಹೊಸ ತಳಿ ಬದುಕುವುದನ್ನು ಹೇಗೆ ಕಲಿಯಿತು ಎಂದು ನೋಡಿದರೆ, ಅದು ತಪ್ಪಿಸಿಕೊಳ್ಳುತ್ತಿದ್ದ ವಿಷ ಯಾವುದು ಎಂಬುದು ತಿಳಿಯುತ್ತದೆ. ಅಷ್ಟು ಸರಳವಾದದ್ದನ್ನು ತಾನು ನೋಡದೆ ಬಿಟ್ಟಿದ್ದೆನೆಂದು ಅವಳಿಗೆ ನಾಚಿಕೆಯಾಯಿತು. ಪ್ರಯೋಗಾಲಯದ ಯಂತ್ರ ಎರಡು ತಳಿಗಳ ವಂಶವಾಹಿಗಳನ್ನು ಓದಿ ಪಕ್ಕಪಕ್ಕಕ್ಕೆ ಇಟ್ಟಿತು. ವ್ಯತ್ಯಾಸ ಒಂದೇ ಕಡೆ ಇತ್ತು. ಪ್ರತಿ ಜೀವಕೋಶದ ಗೋಡೆಯಲ್ಲೂ ಒಳಗೆ ಬಂದ ತಾಮ್ರವನ್ನು ಹೊರಗೆ ದಬ್ಬುವ ಒಂದು ಪುಟ್ಟ ಪಂಪು ಇರುತ್ತದೆ. ಹೊಸ ತಳಿಯಲ್ಲಿ ಆ ಪಂಪುಗಳು ಹತ್ತು ಪಟ್ಟು ಹೆಚ್ಚಿದ್ದವು.

ತಾಮ್ರ ಸೂಕ್ಷ್ಮಜೀವಿಗಳಿಗೆ ಆಗದು. ರಿಹಾನಾಳ ಬೆರಳು ಮುಟ್ಟಿದಲ್ಲೆಲ್ಲ ತಾಮ್ರ ಬಿಟ್ಟು ಹೋಗುತ್ತಿತ್ತು.

*

ಮರುದಿನವೇ ನೀಲಗಂಗಾ ರಿಹಾನಾಳ ಮನೆಗೆ ಬಂದಳು. ಇಮಾಂಬಿ ಚಹಾ ಮಾಡಿದಳು. ಮೂಲೆಯಲ್ಲಿ ತಾಮ್ರದ ಕೊಡ ಫಳಫಳ ಹೊಳೆಯುತ್ತಿತ್ತು. ನೀಲಗಂಗಾ ಅದರ ಕಡೆ ನೋಡಿದ್ದನ್ನು ಕಂಡು ಇಮಾಂಬಿಗೆ ಗಾಬರಿಯಾಯಿತು.

"ಇದರ ನೀರು ಕುಡದ ಹಿಂಗ ಆಗೈತೇನ್ರಿ? ನಮ್ಮ ಮಂದಿ ಎಲ್ಲಾರೂ ಇದನ್ನ ಕುಡಕೋತ ಬಂದಾರ."

"ಅದನ್ನ ನೋಡೂಣಂತ ಬಂದೇನ್ರಿ ಅಮ್ಮ. ನೀವೂ ಒತ್ತರಿ, ಮಾಸ್ತರೂ ಒತ್ತಲಿ."

ಚೀಲದಿಂದ ಹಳೆಯ ಪೊರೆಯ ಗಾಜು ತೆಗೆದಳು. ಮೂವರೂ ಬೆರಳು ಒತ್ತಿದರು. ಚಹಾ ಕುಡಿದು, ಮಾತಾಡಿ, ಮತ್ತೊಂದು ಸುತ್ತು ಚಹಾ ಆಗುವ ಹೊತ್ತಿಗೆ ಇಮಾಂಬಿಯ ಗುರುತೂ ಮೌಲಾನ ಗುರುತೂ ಕರಗಿದ್ದವು. ನಡುವೆ ರಿಹಾನಾಳದು ಬೆಳ್ಳಗೆ ಉಳಿದಿತ್ತು.

"ಒಂದ ಕೊಡದ ನೀರು ಕುಡಿಯೋರು ಮೂರೂ ಮಂದಿ," ಎಂದಳು ನೀಲಗಂಗಾ. "ಅಂದ್ರ ಕೊಡದ್ದು ತಪ್ಪಿಲ್ಲ. ಇವರ ಮೈ ತಾಮ್ರ ಹೊರಗ ಹಾಕವಲ್ದು, ಒಳಗ ಕೂಡಿಟ್ಕೊಂಡೈತಿ. ನಾ ಮನಷ್ಯಾರ ಡಾಕ್ಟರ್ ಅಲ್ಲ. ಆದ್ರ ಇದನ್ನ ತೋರಸ್ಬೇಕು, ತಡಾ ಮಾಡಬಾರ್ದು."

ರಿಹಾನಾ ಸೆರಗಿನೊಳಗಿನಿಂದ ಎರಡೂ ಕೈ ಹೊರಗೆ ತೆಗೆದಳು. ಆಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು. "ಕೈ ನಡಗತೈತ್ರಿ ಮೇಡಂ. ಭಾಳ ದಿವಸ ಆತು. ಚಿಂತಿಗೆ ಅಂತ ಸುಮ್ನಿದ್ದೆ."

ಮೌಲಾ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಆಗ ಅವನಿಗೂ ನಡುಕ ಗೊತ್ತಾಯಿತು.

*

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವೈದ್ಯೆ ರಿಹಾನಾಳ ಕಣ್ಣಿಗೆ ಸಣ್ಣ ಬೆಳಕು ಹಿಡಿದು ನೋಡಿದಳು. ನೋಡಿ, ಮೌಲಾನನ್ನು ಹತ್ತಿರ ಕರೆದು ತೋರಿಸಿದಳು. ಕರಿಗುಡ್ಡೆಯ ಅಂಚಿನಲ್ಲಿ ಕಂದುಬಣ್ಣಕ್ಕೆ ಬಂಗಾರ ಬೆರೆಸಿದಂಥ ತೆಳುವಾದ ಉಂಗುರವಿತ್ತು. ಕಣ್ಣಿಗೂ ತಾಮ್ರ ಹೋಗಿ ಕೂತಿತ್ತು.

ಇದು ಹೊಸ ಕಾಯಿಲೆಯಲ್ಲ ಎಂದು ವೈದ್ಯೆ ಬಿಡಿಸಿ ಹೇಳಿದಳು. ಉಂಡ ಅನ್ನದಲ್ಲಿ, ಬೇಳೆಯಲ್ಲಿ ಎಲ್ಲರಿಗೂ ಒಂದಿಷ್ಟು ತಾಮ್ರ ಸಿಗುತ್ತದೆ. ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಹೊರಗೆ ಹಾಕುವುದು ಯಕೃತ್ತಿನ ಕೆಲಸ. ಕೆಲವರ ಯಕೃತ್ತಿಗೆ ಹುಟ್ಟಿನಿಂದಲೇ ಅದು ಬಾರದು. ಅದು ತುಂಬಿಕೊಳ್ಳುತ್ತ ಹೋಗಿ, ತುಂಬಿ ಹೊರಚೆಲ್ಲಿದ ಮೇಲೆ ತಾಮ್ರ ಮಿದುಳಿಗೂ ಕಣ್ಣಿಗೂ ಹೋಗುತ್ತದೆ. ರಿಹಾನಾಳಲ್ಲಿ ಬೆವರಿಗೂ ಬಂದಿತ್ತು.

"ಬೆವರಿನಿಂದ ಇದನ್ನ ಹಿಡದದ್ದು ನಾ ಕೇಳಿದ್ದಿಲ್ಲ" ಎಂದಳು ವೈದ್ಯೆ. "ಛಲೋ ಆತು. ಔಷಧ ಅದಾವು. ತಾಮ್ರ ಹೊರಗ ತಗಿಯೋದು ಒಂದು, ಒಳಗ ಬರದಂಗ ಮಾಡೋದು ಒಂದು. ಜೀವನಪೂರ್ತಿ ತಗೋಬೇಕು, ಬಿಡಂಗಿಲ್ಲ. ತಗೊಂಡ್ರ ಎಲ್ಲಾರಂಗ ಇರಬಹುದು. ಇನ್ನ ಒಂದೆರಡು ವರ್ಷ ಬಿಟ್ಟು ಬಂದಿದ್ರ ನಾ ಈ ಮಾತು ಹೇಳಾಕ ಆಗತಿದ್ದಿಲ್ಲ."

ಆಮೇಲೆ ಕೇಳಿದಳು. "ನಿಮಗ ಅಣ್ಣ ತಮ್ಮ, ಅಕ್ಕ ತಂಗಿ ಅದಾರೇನು?"

"ತಂಗಿ ಅದಾಳ್ರಿ, ನಜ್ಮಾ. ಅಣ್ಣಿಗೇರಿಯೊಳಗ, ಅವ್ವನ ಕೂಡ." ರಿಹಾನಾ ಸ್ವಲ್ಪ ತಡೆದಳು. "ಅಣ್ಣ ಇದ್ದ. ಖಾಜಾ. ಸಣ್ಣಾಂವ ಇದ್ದಾಗ ಕಾಮಾಲಿ ಆಗಿ ಹೋದ."

ವೈದ್ಯೆ ಪೆನ್ನು ಕೆಳಗಿಟ್ಟಳು. "ಅವಂದೂ ಇದ ಇರಬೇಕು" ಎಂದಳು. "ತಂಗಿನ್ನ ಲಗೂನ ತೋರಸ್ರಿ."

ಆ ದಿನವೇ ಅವರು ಗದಗಿಗೆ ಹೋಗುವ ಬದಲು ಅಣ್ಣಿಗೇರಿಯಲ್ಲಿ ಇಳಿದರು. ತಾಯಿ ಹುಸೇನಬಿ ಎಲ್ಲವನ್ನೂ ಕೇಳಿ, ಗೋಡೆಗೆ ಒರಗಿ ಕೂತಳು. ಖಾಜಾನಿಗೆ ಕಾಮಾಲೆ ಆದಾಗ ಅವಳು ಅರಿಸಿನ ಸೋಕಿಸದೆ ಅಡುಗೆ ಮಾಡಿದ್ದಳು, ದರ್ಗಾಕ್ಕೆ ಹರಕೆ ಹೊತ್ತಿದ್ದಳು, ಮೂರು ಊರಿನ ಔಷಧ ತಂದಿದ್ದಳು. ತನ್ನ ಆರೈಕೆಯಲ್ಲಿ ಏನು ಕಡಿಮೆಯಾಯಿತೆಂದು ಇಷ್ಟು ವರ್ಷ ಹುಡುಕುತ್ತಲೇ ಇದ್ದಳು.

"ಹಂಗಾರ ನಾ ಏನ ಮಾಡಿದ್ರೂ ಆಗತಿದ್ದಿಲ್ಲೇನು?"

"ಆಗತಿದ್ದಿಲ್ಲವ್ವ. ಆಗ ಯಾರಿಗೂ ಗೊತ್ತಾಗತಿದ್ದಿಲ್ಲ" ಎಂದಳು ರಿಹಾನಾ.

ಹುಸೇನಬಿ ಅತ್ತಳು. ಆದರೆ ಆ ಅಳುವಿನಲ್ಲಿ ಏನೋ ಒಂದು ಇಳಿದುಹೋದದ್ದು ಮಕ್ಕಳಿಬ್ಬರಿಗೂ ಕಾಣಿಸಿತು.

ನಜ್ಮಾ ಕಾಲೇಜಿನಲ್ಲಿ ಖೋ ಖೋ ಆಡುವ ಹುಡುಗಿ. ಅವಳಿಗೆ ಏನೂ ಆಗಿರಲಿಲ್ಲ. ಮನೆಯ ಗಾಜಿನ ಮೇಲೆ ಅವಳ ಬೆರಳಿನ ಕಲೆ ಯಾವತ್ತೂ ಮೂಡಿರಲಿಲ್ಲ. ಆದರೂ ನೀಲಗಂಗಾ ಅವಳನ್ನು ಪ್ರಯೋಗಾಲಯಕ್ಕೆ ಕರೆಸಿ, ಪಂಪುಗಳೇ ಇಲ್ಲದಂತೆ ಬೆಳೆಸಿದ, ತಾಮ್ರದ ಗಾಳಿ ಸೋಕಿದರೂ ನರಳುವ ಒಂದು ತಳಿಯ ಮೇಲೆ ಬೆರಳು ಒತ್ತಿಸಿದಳು. ಅದರ ಮೇಲೆ ಉಸಿರು ತಾಗಿದಷ್ಟು ಮಸುಕು ಮೂಡಿತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ನಜ್ಮಾಳಲ್ಲಿ ತಾಮ್ರ ಈಗಷ್ಟೇ ಕೂಡಿಕೊಳ್ಳುತ್ತಿತ್ತು. ಮಾತ್ರೆ ಶುರುವಾಯಿತು. ಎಳ್ಳುಂಡೆ, ಗೋಡಂಬಿ, ಚಾಕಲೇಟು ಬಿಡಬೇಕು ಎಂದಾಗ ಮಾತ್ರ ಅವಳ ಮುಖ ಸಣ್ಣದಾಯಿತು.

"ಸಂಕ್ರಮಣಕ್ಕ ಎಳ್ಳು ಬೀರಾಕ ಗೆಳತೇರು ಬಂದ್ರ ಏನ ಮಾಡ್ಲಿ?"

"ಇಸ್ಕೊಂಡು ನನಗ ಕೊಡು" ಎಂದ ಮೌಲಾ.

*

ಕಂಪನಿಯವರ ಸಭೆಯಲ್ಲಿ ನೀಲಗಂಗಾ ಸುಲಭಕ್ಕೆ ಗೆಲ್ಲಲಿಲ್ಲ. ಗಟ್ಟಿ ತಳಿ ಸಿದ್ಧವಿರುವಾಗ ಕಲೆಯಾಗುವ ಗಾಜನ್ನು ಯಾಕೆ ಉಳಿಸಬೇಕು ಎಂದು ಅವರು ಕೇಳಿದರು. ಗಾಜಿನ ಕೆಲಸ ತಿಳಿಯಾಗಿರುವುದು, ರೋಗ ಹೇಳುವುದಲ್ಲ ಎಂದರು. ಅದರಲ್ಲೂ ಹುರುಳಿತ್ತು, ಅಂಕಿ ಕಾಣದೆ ರೆಕ್ಕೆ ಸೀಳಿದ್ದು ಸುಳ್ಳಲ್ಲ. ಕೊನೆಗೆ ಒಪ್ಪಂದವಾಯಿತು. ನಿಯಂತ್ರಣ ಕೊಠಡಿಗಳಿಗೆ, ಬಸ್ಸುಗಳಿಗೆ, ಯಂತ್ರಗಳಿಗೆ ಗಟ್ಟಿ ಪೊರೆ. ಪ್ರತಿ ಊರಿನ ಆರೋಗ್ಯ ಕೇಂದ್ರದಲ್ಲಿ ಮಾತ್ರ ಹಳೆಯ ಪೊರೆಯ ಒಂದು ಗಾಜು. ಅದನ್ನು ಸಾಕುವ ಹೊಣೆ ಪ್ರಯೋಗಾಲಯದ್ದು. ಮನೆಯ ಗಾಜಿನ ಮೇಲೆ ಹೋಗದ ಕಲೆ ಕಂಡವರು ಅಲ್ಲಿಗೆ ಬಂದು ತೋರಿಸಬಹುದು.

ಔಷಧ ಶುರುವಾದ ಮೊದಲ ತಿಂಗಳುಗಳು ರಿಹಾನಾಳಿಗೆ ಹಗುರವಾಗಿರಲಿಲ್ಲ. ನಡುಕ ಕಡಿಮೆಯಾಗುವ ಮೊದಲು ಒಂದಿಷ್ಟು ಹೆಚ್ಚಾಯಿತು. ಊಟ ಸೇರುತ್ತಿರಲಿಲ್ಲ. ಇಮಾಂಬಿ ತಾಮ್ರದ ಕೊಡವನ್ನು ಅಟ್ಟಕ್ಕೆ ಏರಿಸಿ ಮಣ್ಣಿನ ಗಡಿಗೆ ತಂದಳು, ಸೊಸೆಗೆ ಜೋಳದ ಗಂಜಿಯನ್ನು ಕೈಯಾರೆ ಕುಡಿಸಿದಳು. ಬೇಸಿಗೆ ಬರುವ ಹೊತ್ತಿಗೆ ಅವಳ ಸಹಿ ಮತ್ತೆ ನೆಟ್ಟಗಾಯಿತು. ಟಿಕೆಟಿನ ಸಾಲಿನಲ್ಲಿ ತೋಳು ಹಿಡಿದಿದ್ದ ಹೆಂಗಸು ಒಂದು ದಿನ ಮನೆಗೇ ಬಂದಳು. ತನ್ನ ಅಣ್ಣನ ಮಗನಿಗೂ ಕೈ ನಡುಗುತ್ತದೆ, ಎಲ್ಲಿ ತೋರಿಸಬೇಕು ಎಂದು ಕೇಳಿದಳು.

ಆಷಾಢದ ಗಾಳಿ ಮತ್ತೆ ಎದ್ದಾಗ ರಿಹಾನಾ ತನ್ನ ಕುರ್ಚಿಯಲ್ಲಿದ್ದಳು. ಇಡೀ ದಿನ ಗುಡ್ಡ ಭೋರೆಂದಿತು. ಪಾಳಿ ಮುಗಿದಾಗ ಕೊಟ್ರೇಶ ಅವಳ ಹಿಂದೆ ನಿಂತು ಗಾಜನ್ನೊಮ್ಮೆ ನೋಡಿ, "ಒಂದ ಒಂದು ಯಂತ್ರ ಸೈತ ಮುನಿಸ್ಕೊಂಡಿಲ್ಲ ಇವತ್ತು" ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ರಜೆಯ ದಿನ ಅವಳು ಗದಗಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಗಾಜಿನ ಪಕ್ಕ ಕೂರುತ್ತಿದ್ದಳು. ಯಾರೂ ಹೇಳಿದ್ದಲ್ಲ. ಅಲ್ಲಿಗೆ ಬರುವವರು ಕೈಯನ್ನು ಹೇಗೆ ಇಟ್ಟುಕೊಂಡು ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಅಂಥ ಒಂದು ದಿನ ಮುಂಡರಗಿಯಿಂದ ದೊಡ್ಡ ಮೀಸೆಯ ಗಟ್ಟಿ ಆಳೊಬ್ಬ ಬಂದ. ಹೆಸರು ಈಶಪ್ಪ; ಅವನೂರಿನ ಕೇಂದ್ರಕ್ಕೆ ಹಳೆಯ ಪೊರೆಯ ಗಾಜು ಇನ್ನೂ ಬಂದಿರಲಿಲ್ಲ. ಬೆವರಿಳಿಯುವ ಸೆಖೆಯಲ್ಲೂ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ಗಾಜಿನ ಆರೈಕೆಗೆ ಬಂದಿದ್ದ ನೀಲಗಂಗಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಮನಿ ಗಾಜು ನನ್ನ ಕೈ ಒಲ್ಲೆ ಅನ್ನಾಕತೈತ್ರಿ. ಟಿವಿಯೊಳಗ ಹೇಳಿದ್ರು, ಅದು ದೊಡ್ಡ ಜಡ್ಡು ಅಂತ."

ರಿಹಾನಾ ಎದ್ದು ಬಂದು ಕೈ ಚಾಚಿದಳು. "ನಂದೂ ಒಲ್ಲೆ ಅಂದಿತ್ತು. ಕೊಡ್ರಿ ಕಾಕಾ."

ಈಶಪ್ಪ ಹಿಂದೆಮುಂದೆ ನೋಡಿದ. ಅವಳೇ ಬಟ್ಟೆ ಬಿಚ್ಚಿದಳು. ಬೆರಳುಗಳ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೆಂಪನೆಯ ಹೊಳಪು ಕೂತಿತ್ತು. ಅವಳು ಆ ಕೈಯನ್ನು ತಿರುಗಿಸಿ ನೋಡಿ ನೀಲಗಂಗಾಳ ಕಡೆ ತೋರಿಸಿದಳು.

"ನೀವು ಏನ ಉದ್ಯೋಗ ಮಾಡತೀರಿ?" ಎಂದು ಕೇಳಿದಳು ನೀಲಗಂಗಾ.

"ಮೋಟಾರ್ ವೈಂಡಿಂಗ್ರಿ. ಬೋರವೆಲ್ ಮೋಟಾರು ಸುಟ್ಟಿದ್ದನ್ನ ಬಿಚ್ಚಿ ಹೊಸಾ ತಂತಿ ಸುತ್ತತೇನಿ."

"ತಾಮ್ರದ ತಂತಿ."

"ಹೌದ್ರಿ. ತಾಮ್ರದ್ದ."

ನೀಲಗಂಗಾ ಹುಣಸೆಹಣ್ಣು ತರಿಸಿ ಅವನ ಕೈಯನ್ನು ಮೊಣಕೈವರೆಗೆ ತಿಕ್ಕಿಸಿದಳು. ಆಮೇಲೆ ಗಾಜಿನ ಮೇಲೆ ಒತ್ತಿಸಿದಳು. ಕಾಯುವಷ್ಟು ಹೊತ್ತು ಅವನು ಗಾಜಿನ ಮುಂದಿನಿಂದ ಕದಲಲಿಲ್ಲ. ಗುರುತು ತೆಳುವಾಗಿ, ಇನ್ನೂ ತೆಳುವಾಗಿ, ಇಲ್ಲವಾಯಿತು. ಆದರೂ ರಕ್ತ ತೆಗೆಸಿ ಕಳಿಸಿದರು. ಮಧ್ಯಾಹ್ನ ಫಲಿತಾಂಶ ಬಂತು, ಅದರಲ್ಲೂ ಏನೂ ಇರಲಿಲ್ಲ.

"ನಿಮಗ ಯಾವ ಜಡ್ಡೂ ಇಲ್ಲ" ಎಂದಳು ನೀಲಗಂಗಾ. "ಕೆಲಸ ಮುಗಿಸಿದ ಮ್ಯಾಲೆ ಹುಣಸಿಹಣ್ಣಿಲೆ ಕೈ ತೊಳ್ಕೊಳ್ರಿ, ಸಾಕು."

ಈಶಪ್ಪ ಈಗ ಕುರ್ಚಿಯಲ್ಲಿ ಕೂತ. ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ರಿಹಾನಾಳ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ.

"ಮಗಳು ಬಾಣಂತನಕ್ಕ ಬಂದಾಳ್ರಿ. ಕೂಸು ಹುಟ್ಟಿ ತಿಂಗಳ ಮ್ಯಾಲಾತು. ನಾ ಇನ್ನೂ ಎತ್ತಿಕೊಂಡಿಲ್ಲ. ಎತ್ತಿಕೋಬಹುದೇನು?"

"ಎಲ್ಲಿ ಐತಿ ಕೂಸು?"

"ಹೊರಗ. ಮನಿಯಾಕಿ ಹೊತ್ಕೊಂಡು ಗಿಡದ ನೆರಳಿಗೆ ಕುಂತಾಳ. ಮಗಳೂ ಅದಾಳ. ನನ್ನೊಬ್ಬನ್ನ ಬಿಡಾಕ ಒಲ್ಲೆ ಅಂದ್ರು."

"ಹೋಗ್ರಿ ಮತ್ತ" ಎಂದಳು ರಿಹಾನಾ.

ಅವನು ಎದ್ದ. ಬಾಗಿಲವರೆಗೆ ಹೋಗಿ ಏನೋ ನೆನಪಾದವನಂತೆ ನಲ್ಲಿಯ ಕಡೆ ತಿರುಗಿ, ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದ. ಅಂಗಿಗೆ ಒರೆಸಿಕೊಂಡು ಹೊರಗೆ ಹೋದ. ಕಿಟಕಿಯಿಂದ ರಿಹಾನಾ ನೋಡುತ್ತಿದ್ದಳು. ಬೇವಿನ ಮರದ ಕೆಳಗೆ ಕೂತಿದ್ದ ಹೆಂಗಸು ಅವನ ಮುಖ ನೋಡಿ, ಏನೂ ಕೇಳದೆ, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಮೇಲಕ್ಕೆ ಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮಗು ಎಚ್ಚರಗೊಂಡು, ತನ್ನ ಪುಟ್ಟ ಮುಷ್ಟಿಯಲ್ಲಿ ಅವನ ಹೆಬ್ಬೆರಳನ್ನು ಹಿಡಿದು, ನೇರ ಬಾಯಿಗೆ ಒಯ್ದಿತು.